ಮಾನಿಟರ್ ಪಡಸಾಲೆಯಲ್ಲಿತ್ತು

ಸಾವಿರದ ಒಂಬೈನೂರ ತೊಂಬತ್ತಾರನೇ ಇಸವಿ, ಮಾಘ ಮಾಸದ ಒಂದು ಭಾನುವಾರ, ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ನಾನು ಶಿಕಾರಿಪುರದಲ್ಲಿ ಅವರ ಮನೆಯ ಪಡಸಾಲೆಗೂ ರೇಡಿಯೋ ಕೋಣೆಗೂ ನಡುವಿನ ಬಾಗಿಲಲ್ಲಿದ್ದೆ. ಆ ಜಾಗದ ಚಕ್ಕುಬಂದಿ ಹೀಗಿದೆ: ಪೂರ್ವಕ್ಕೆ ರೇಡಿಯೋ ಕೋಣೆ, ಪಶ್ಚಿಮಕ್ಕೆ ಪಡಸಾಲೆ, ಉತ್ತರಕ್ಕೆ ಅಡುಗೆಮನೆಯ ಗೋಡೆ, ದಕ್ಷಿಣಕ್ಕೆ ಮೆಕ್ಕೆಜೋಳದ ಚೀಲಗಳನ್ನು ಒಟ್ಟಿದ್ದ ಉಗ್ರಾಣ. ಸ್ವಲ್ಪ ಹೊತ್ತು ನಿಂತು, ಸ್ವಲ್ಪ ಹೊತ್ತು ಹೊಸ್ತಿಲ ಈಚೆ ಮಣೆ ಹಾಕಿಕೊಂಡು ಕೂತು, ನಾನು ಆ ಕೋಣೆಯನ್ನು ನೋಡುತ್ತಿದ್ದೆ. ಒಳಗೆ ಅವರೊಬ್ಬರೇ ಇದ್ದರು. ಅವರ ಮುಂದೆ ರೇಡಿಯೋ, ಮೈಕು, ಕಂಪ್ಯೂಟರಿನ ಕೀಲಿಮಣೆ. ಕಂಪ್ಯೂಟರಿನ ಮಾನಿಟರ್ ಆ ಕೋಣೆಯಲ್ಲಿ ಇರಲಿಲ್ಲ. ಅದು ನನ್ನ ಬೆನ್ನ ಹಿಂದೆ, ಪಡಸಾಲೆಯ ಮಂಚದ ಮೇಲೆ, ತಂತಿ ಕಳಚಿಕೊಂಡು, ಗೋಣಿಚೀಲ ಹೊದ್ದು ಕೂತಿತ್ತು.

ಇಷ್ಟು ಬಿಗಿಯಾಗಿ ಬರೆಯುವುದು ನನ್ನ ಕಸುಬಿನಿಂದ ಬಂದ ಅಭ್ಯಾಸ. ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ಕೂತು ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಬರೆದು ಬದುಕಿದವನು ನಾನು. ಆದರೆ ಇವತ್ತು ಕಸುಬಿಗಾಗಿ ಬರೆಯುತ್ತಿಲ್ಲ. ಅವರು ಹೋದ ತಿಂಗಳು ತೀರಿಕೊಂಡರು. ತೀರಿಕೊಂಡ ಮೇಲೆ ಹವ್ಯಾಸಿ ರೇಡಿಯೋದವರ ಪತ್ರಿಕೆಯಲ್ಲಿ ನಾಲ್ಕು ಸಾಲಿನ ಶ್ರದ್ಧಾಂಜಲಿ ಬಂತು. ಅದರಲ್ಲಿ ಹೀಗೊಂದು ವಾಕ್ಯವಿತ್ತು: ‘ಅಂಧತ್ವವನ್ನು ಲೆಕ್ಕಿಸದೆ, ಸಹಾಯಕರ ನೆರವಿನಿಂದ ಸ್ಪರ್ಧೆಗಳಲ್ಲಿ ಪಾಲ್ಗೊಂಡು ಎಲ್ಲರಿಗೂ ಸ್ಫೂರ್ತಿಯಾಗಿದ್ದರು.’

ಸಹಾಯಕರು ಅಂದರೆ ನಾನು, ಮತ್ತು ಸೊರಬದ ನಾಗರತ್ನ. ನಾವು ಸಹಾಯ ಮಾಡಲಿಲ್ಲ. ಮಾಡಲು ಅವರು ಬಿಡಲಿಲ್ಲ. ಆ ಪತ್ರಿಕೆಯನ್ನು ಮಡಿಸಿಟ್ಟೆ. ಸಿಟ್ಟು ಇನ್ನೂ ನಿಂತಿಲ್ಲ.

ಅವರ ಹೆಸರನ್ನೂ ರೇಡಿಯೋದ ಕರೆಗುರುತನ್ನೂ ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಮತ್ತೆ ಯಾರಾದರೂ ಹಾರ ತಂದಾರು. ಊರಿನವರಿಗೆ ಅವರು ಮಂಡಿ ಸಾವ್ಕಾರರು. ಕೃಷಿ ಮಾರುಕಟ್ಟೆಯಲ್ಲಿ ಅವರ ತಂದೆಯ ಕಾಲದಿಂದಲೂ ಮಂಡಿ ಇತ್ತು. ನಾನು ಅವರನ್ನು ಅಣ್ಣಾರೆ ಅನ್ನುತ್ತಿದ್ದೆ. ಅವರು ನನ್ನನ್ನು ತಮ್ಮಾ ಅನ್ನುತ್ತಿದ್ದರು, ಸಿಟ್ಟು ಬಂದಾಗ ಮಾತ್ರ ರೀ ಹಚ್ಚುತ್ತಿದ್ದರು. ಮೂವತ್ತು ದಾಟಿದ ಮೇಲೆ ಕಣ್ಣೊಳಗಿನ ಒತ್ತಡ ಏರುವ ಕಾಯಿಲೆಯಿಂದ ದೃಷ್ಟಿ ಅಂಚಿನಿಂದ ಒಳಗೆ ಸವೆಯುತ್ತ ಬಂದು, ಕೊನೆಗೆ ಪೂರ್ತಿ ಹೋಯಿತು. ಅಷ್ಟರೊಳಗೆ ಅವರು ಎರಡು ಕೆಲಸ ಮಾಡಿಕೊಂಡಿದ್ದರು. ಒಂದು, ಮಂಡಿಯ ಪತ್ರವ್ಯವಹಾರಕ್ಕೆಂದು ಇಂಗ್ಲಿಷ್ ಟೈಪಿಂಗ್ ಕಲಿತದ್ದು. ಇನ್ನೊಂದು, ಹವ್ಯಾಸಿ ರೇಡಿಯೋ ಪರವಾನಗಿ ಪಡೆದದ್ದು.

ಅವರು ಒಳ್ಳೆಯವರು ಎಂದು ನಾನು ಹೇಳುವುದಿಲ್ಲ. ವ್ಯಾಪಾರದಲ್ಲಿ ಗಟ್ಟಿ. ತಾಳಗುಂದದ ರೈತರೊಬ್ಬರು ಒಮ್ಮೆ ಮಂಡಿಯ ಕಟ್ಟೆಯ ಮೇಲೆ ಕೂತು, ಅವರಿಗೆ ಕೇಳುವ ಹಾಗೆಯೇ ಹೇಳಿದರು: “ಕಣ್ಣಿದ್ದಾಗ ಮುಖ ನೋಡಿ ಒಂದಿಷ್ಟು ಬಿಡ್ತಿದ್ರಪ್ಪ. ಈಗ ಯಾರ ಮುಖನೂ ನೋಡಂಗಿಲ್ಲ, ಯಾರಿಗೂ ಬಿಡಂಗಿಲ್ಲ.” ಇವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಬೆಲೆ ಮಾತ್ರ ಏರಿಸಲಿಲ್ಲ.

ಪಾಪ ಅಂದವರನ್ನು ಅವರು ಮನೆಯ ಮೆಟ್ಟಿಲು ಹತ್ತಿಸುತ್ತಿರಲಿಲ್ಲ. ಒಂದು ಮದುವೆಮನೆಯಲ್ಲಿ ಬೀಗರ ಕಡೆಯವರೊಬ್ಬರು ಅವರ ರಟ್ಟೆ ಹಿಡಿದು ಊಟದ ಪಂಕ್ತಿಗೆ ನಡೆಸಿಕೊಂಡು ಹೊರಟರು. ಇವರು ಅಲ್ಲೇ ನಿಂತರು.

“ನೀವು ನನ್ನ ಕೈ ಹಿಡೀಬ್ಯಾಡ್ರಿ. ನಾ ನಿಮ್ಮ ಕೈ ಹಿಡೀತೀನಿ.”

“ಎರಡೂ ಒಂದೇ ಅಲ್ಲೇನ್ರೀ?”

“ಒಂದೇ ಅಲ್ರೀ. ನೀವು ಹಿಡಿದ್ರೆ ನಾನು ಸಾಮಾನು. ನಾನು ಹಿಡಿದ್ರೆ ನೀವು ಕೋಲು.”

ಬಸ್ಸಿನಲ್ಲಿ ಅವರಿಗೆ ರಿಯಾಯಿತಿ ಪಾಸು ಸಿಗುತ್ತಿತ್ತು. ಮಾಡಿಸಲಿಲ್ಲ. ಪಾಸಿನವನನ್ನು ಕಂಡಕ್ಟರು ತನಗೆ ಬೇಕಾದ ಕಡೆ ಕೂರಿಸುತ್ತಾನೆ, ಟಿಕೆಟಿನವನು ತನಗೆ ಬೇಕಾದ ಕಡೆ ಕೂರುತ್ತಾನೆ ಎನ್ನುವುದು ಅವರ ವಾದ. ಅವರಿಗೆ ಬೇಕಾದದ್ದು ಕಿಟಕಿಯ ಸೀಟು. “ಕಾಣದಿದ್ರೆ ಏನಾತು, ಗಾಳಿ ಬಡಿಯಂಗಿಲ್ಲೇನು?” ಎಂದು ಜಗಳವಾಡಿ ಕೂರುತ್ತಿದ್ದರು.

ಹವ್ಯಾಸಿ ರೇಡಿಯೋ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ಸರ್ಕಾರದ ಪರವಾನಗಿ ಪಡೆದು, ಮನೆಯಲ್ಲೇ ಏರಿಯಲ್ ಕಟ್ಟಿಕೊಂಡು, ಬೇರೆ ಊರು ಬೇರೆ ದೇಶದವರ ಜೊತೆ ಮಾತಾಡುವುದು ಈ ಹವ್ಯಾಸ. ಪ್ರತಿಯೊಬ್ಬರಿಗೂ ಅಕ್ಷರ ಮತ್ತು ಅಂಕಿಯ ಒಂದು ಕರೆಗುರುತು ಇರುತ್ತದೆ. ಇದರಲ್ಲಿ ಸ್ಪರ್ಧೆಗಳೂ ನಡೆಯುತ್ತವೆ. ಗೊತ್ತುಮಾಡಿದ ಹೊತ್ತಿನಲ್ಲಿ ಯಾರು ಹೆಚ್ಚು ಜನರನ್ನು ಹಿಡಿದು, ಅವರ ಕರೆಗುರುತನ್ನೂ ಅವರು ಹೇಳಿದ ಕ್ರಮಸಂಖ್ಯೆಯನ್ನೂ ತಪ್ಪಿಲ್ಲದೆ ಬರೆದುಕೊಳ್ಳುತ್ತಾರೋ ಅವರು ಗೆದ್ದರು. ಹಾಗೆ ಬರೆದುಕೊಂಡದ್ದಕ್ಕೆ ಲಾಗ್ ಅನ್ನುತ್ತೇವೆ. ಒಬ್ಬರೇ ಕೂತು ಮಾತಾಡಿ ಒಬ್ಬರೇ ಬರೆದುಕೊಂಡರೆ ಒಂಟಿ ವಿಭಾಗ. ಪಕ್ಕದಲ್ಲಿ ಇನ್ನೊಬ್ಬರು ಬರೆದುಕೊಟ್ಟರೆ ತಂಡದ ವಿಭಾಗ.

ಕಣ್ಣು ಹೋದ ಮೇಲೆ ಅವರಿಗೆ ತಂಡವೇ ಗತಿಯಾಯಿತು. ಅವರು ಮಾತಾಡುತ್ತಿದ್ದರು, ಹೆಂಡತಿಯ ತಮ್ಮ ಬರೆಯುತ್ತಿದ್ದ. “ಇದೊಳ್ಳೆ ಮದುವೆಗೆ ಹೋದಂಗೆ ಆತಲ್ಲ ತಮ್ಮಾ, ಜೋಡೀಲೇ ಹೋಗ್ಬೇಕು” ಅನ್ನುತ್ತಿದ್ದರು. ನಗುತ್ತ ಹೇಳುತ್ತಿದ್ದರೇ ಹೊರತು ಅದು ನಗುವ ಮಾತಾಗಿರಲಿಲ್ಲ. ಒಂಟಿ ವಿಭಾಗದ ಪಟ್ಟಿಯಲ್ಲಿ ಒಮ್ಮೆ ತಮ್ಮ ಕರೆಗುರುತು ಬರಬೇಕು ಅನ್ನುವುದು ಅವರ ಹಟ. ಮೊದಲನೆಯದಾಗಿಯೇ ಬರಬೇಕೆಂದಿರಲಿಲ್ಲ. ಎಷ್ಟನೆಯದಾದರೂ ಸರಿ, ಆ ಪಟ್ಟಿಯಲ್ಲಿ ಬರಬೇಕು.

ಆಗ ಸೊರಬದಲ್ಲಿ ನಾಗರತ್ನ ಎಂಬ ಹೆಣ್ಣುಮಗಳು ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಕೋಣೆಯಲ್ಲಿ ಎರಡು ಕಂಪ್ಯೂಟರ್ ಇಟ್ಟುಕೊಂಡು ತರಗತಿ ನಡೆಸುತ್ತಿದ್ದರು. ರೇಡಿಯೋ ಅವರಿಗೆ ಗೊತ್ತಿರಲಿಲ್ಲ. ಆದರೂ ನಾನೂ ಸೇರಿ ನಮ್ಮ ಕಡೆಯ ನಾಲ್ಕಾರು ಹವ್ಯಾಸಿಗಳು ಕೇಳಿದ್ದಕ್ಕೆ ಸ್ಪರ್ಧೆಯ ಲಾಗ್ ಬರೆದುಕೊಳ್ಳುವ ಒಂದು ಪ್ರೋಗ್ರಾಂ ಮಾಡಿದ್ದರು. ಡಾಸ್ ಕಾಲದ, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಸರಳ ಪ್ರೋಗ್ರಾಂ. ಅವರ ಕೆಲಸದ ರೀತಿ ಮಾತ್ರ ಸರಳವಾಗಿರಲಿಲ್ಲ. ಯಾರನ್ನಾದರೂ ಕಂಪ್ಯೂಟರಿನ ಮುಂದೆ ಕೂರಿಸಿ, ತಾವು ಹಿಂದೆ ನಿಂತು, ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡು ಸುಮ್ಮನಾಗುತ್ತಿದ್ದರು. ಎಷ್ಟು ಕೇಳಿದರೂ ಯಾವ ಗುಂಡಿ ಒತ್ತಬೇಕು ಎಂದು ಹೇಳುತ್ತಿರಲಿಲ್ಲ. “ನಾನು ಹೇಳಿಕೊಟ್ರೆ ನೀವು ಸರಿ ಮಾಡ್ತೀರಿ. ಆಮೇಲೆ ನನ್ನ ತಪ್ಪು ಎಲ್ಲುಂಟು ಅಂತ ನಂಗೆ ಗೊತ್ತಾಗೋದು ಹ್ಯಾಗೆ?” ಎನ್ನುತ್ತಿದ್ದರು.

ನಾನು ಅಣ್ಣಾರನ್ನು ಶಿರಾಳಕೊಪ್ಪದ ಮೇಲೆ ಬಸ್ಸಿನಲ್ಲಿ ಅಲ್ಲಿಗೆ ಕರೆದುಕೊಂಡು ಹೋದೆ. ಅವರ ಮಾತಿನಲ್ಲಿ ಹೇಳಬೇಕೆಂದರೆ, ಅವರು ನನ್ನ ಕೈ ಹಿಡಿದು ಬಂದರು.

“ತಂಗಿ, ನಿಮ್ಮ ಪ್ರೋಗ್ರಾಮಿಗೆ ಬಾಯಿ ಐತೇನು?” ಎಂದು ಕೂರುವ ಮೊದಲೇ ಕೇಳಿದರು.

“ಬಾಯಿ ಇಲ್ಲ ಸರ್. ತಪ್ಪು ಒತ್ತಿದ್ರೆ ಕೀಂ ಅಂತದೆ, ಅಷ್ಟೆ.”

“ಕೀಂ ಅನ್ನಾಕೆ ಬಂದ್ರೆ ಬೇಕಾದಷ್ಟಾತು. ಉದ್ದ ಕೀಂ, ಗಿಡ್ಡ ಕೀಂ ಅನ್ನಿಸ್ರಿ. ಉಳಿದದ್ದು ನಾ ತಿಳ್ಕೊಂತೀನಿ.”

ಅವರು ಕೇಳಿದ್ದು ಮೋರ್ಸ್ ಸಂಕೇತವನ್ನು. ತಂತಿ ಕಚೇರಿಯವರು ಬಳಸುತ್ತಿದ್ದ, ಉದ್ದ ಮತ್ತು ಗಿಡ್ಡ ಸದ್ದಿನ ಅಕ್ಷರಮಾಲೆ ಅದು. ನಮಗೆಲ್ಲ ಅದರ ಪರಿಚಯವಿತ್ತು. ಅವರಿಗಂತೂ ಕನ್ನಡದಷ್ಟೇ ಸಲೀಸು. ನಾಗರತ್ನ ಅದರ ಪಟ್ಟಿಯನ್ನು ನನ್ನಿಂದ ಬರೆಸಿಕೊಂಡರು. ಮುಂದಿನ ವಾರ ಹೋದಾಗ ಕಂಪ್ಯೂಟರ್ ಅಣ್ಣಾರು ಒತ್ತಿದ ಪ್ರತಿ ಅಕ್ಷರವನ್ನೂ ಮೋರ್ಸಿನಲ್ಲಿ ಕೂಗಿ ಹೇಳಿತು. ನನಗೆ ಮೈ ಜುಮ್ಮೆಂದಿತು. ಅವರು ಮುಖ ಕಿವುಚಿದರು.

“ಇವತ್ತಿನ ಫಿರ್ಯಾದು ತಗೊಳ್ರಿ. ನಾ ಒತ್ತಿದ್ದನ್ನ ನನಗ್ಯಾಕೆ ಹೇಳ್ತದೆ ಇದು? ಒತ್ತಿದ್ದು ನನ್ನ ಬಟ್ಟಿಗೆ ಗೊತ್ತೈತೆ. ನನಗೆ ಗೊತ್ತಿಲ್ಲದ್ದನ್ನ ಹೇಳ್ಬೇಕು. ಇವ ಮುಂಚೆ ಬಂದಿದ್ನೋ ಇಲ್ಲೋ, ಈಗ ನಾ ಕೊಡೋ ಸಂಖ್ಯೆ ಎಷ್ಟು, ಅಷ್ಟು ಹೇಳ್ಲಿ. ಉಳಿದಂಗೆ ಬಾಯಿ ಮುಚ್ಕೊಂಡಿರ್ಲಿ.”

ನಾಗರತ್ನ ಒಂದು ಮಾತೂ ಎದುರಾಡದೆ ಬರೆದುಕೊಂಡರು. ಅಲ್ಲಿಂದ ಆ ಚಳಿಗಾಲದವರೆಗೆ ಭಾನುವಾರಗಳೆಲ್ಲ ಹೀಗೆಯೇ ಕಳೆದವು. ಅಣ್ಣಾರು ಹೊಗಳಿದ್ದನ್ನು ನಾನು ಕೇಳಲಿಲ್ಲ. ಪ್ರೋಗ್ರಾಂ ಮೊದಮೊದಲು, ಆಗಲೇ ಮಾತಾಡಿದವನನ್ನು ಮತ್ತೆ ಬರೆಯಹೋದರೆ ಗೊರ್ ಎಂದು ತಡೆಯುತ್ತಿತ್ತು. ಒಬ್ಬನಿಗೆ ಒಂದೇ ಅಂಕ ಎಂಬ ನಿಯಮ ಇರುವುದರಿಂದ ಹಾಗೆ ಮಾಡಿದ್ದೇನೆ ಎಂದರು ನಾಗರತ್ನ. ಅಣ್ಣಾರು ಒಪ್ಪಲಿಲ್ಲ: “ಮನೆಗೆ ಬಂದವನಿಗೆ ನೀ ಹೋದ ವಾರ ಬಂದಿದ್ದಿ ಅಂತ ಬಾಗಿಲು ಹಾಕ್ತಾರೇನ್ರೀ? ಅವನ ಲಾಗಿನಾಗೆ ನಾನು ಇಲ್ದೇ ಇರಬಹುದು. ಅವನ ಜೊತಿ ವಾದ ಮಾಡೋ ಹೊತ್ತಿಗೆ ಇಬ್ಬರನ್ನ ಹಿಡೀತೀನಿ. ಬರ್ಕೊಳ್ಲಿ, ಅಂಕ ಕೊಡಬ್ಯಾಡ, ಮೆಲ್ಲಕೆ ಒಂದು ದಪ್ಪ ಸ್ವರ ಮಾಡಿ ಸುಮ್ನಾಗ್ಲಿ.” ಹಾಗೆಯೇ ಆಯಿತು. ಇನ್ನೊಂದು ವಾರ, ಪ್ರತಿಯೊಂದು ದಾಖಲೆಯನ್ನೂ ಆಗಿಂದಾಗಲೇ ಡಿಸ್ಕಿಗೆ ಬರೆಯಬೇಕು, ಕರೆಂಟು ಹೋದರೆ ಹಿಂದಿನದು ಉಳಿಯಬೇಕು ಎಂದು ಹಟ ಹಿಡಿದರು. ಹಾಗೆ ಮಾಡಿದರೆ ಪ್ರೋಗ್ರಾಂ ನಿಧಾನವಾಗುತ್ತದೆ ಎಂದರೆ, “ನಮ್ಮ ಶಿಕಾರಿಪುರದ ಕರೆಂಟು ನೀವು ನೋಡಿಲ್ಲ” ಎಂದರು.

ಒಂದೇ ಒಂದು ಕಡೆ ನಾಗರತ್ನ ಸೋಲಲಿಲ್ಲ. ಕೊನೆಯ ದಾಖಲೆಯನ್ನು ಒಂದೇ ಗುಂಡಿಯಿಂದ ಅಳಿಸುವ ಹಾಗಿರಬೇಕು ಎಂದು ಇವರು ಕೇಳಿದ್ದರು.

“ಆಗೂದಿಲ್ಲ ಸರ್. ಬೆರಳು ಜಾರಿದ್ರೆ ಸರಿ ಇದ್ದದ್ದೂ ಹೋಗ್ತದೆ. ಎರಡು ಸಲ ಒತ್ತಬೇಕು.”

“ನನ್ನ ಬೆರಳು ಜಾರಂಗಿಲ್ಲ.”

“ಎಲ್ಲರದ್ದೂ ಜಾರ್ತದೆ. ಕಣ್ಣಿದ್ದೋರಾದ್ರೆ ನೋಡ್ಕೊಂಡು ಸರಿ ಮಾಡ್ತಾರೆ. ನೀವು ಹ್ಯಾಗೆ ಮಾಡ್ತೀರಿ?”

 ಅವರ ಮುಂದೆ ಕಣ್ಣಿನ ಮಾತನ್ನು ಹೀಗೆ ಎತ್ತಿದವರು ಯಾರೂ ಇರಲಿಲ್ಲ. ಅವರು ಕೀಲಿಮಣೆಯ ಅಂಚು ಸವರಿದರು. ಆಮೇಲೆ, “ಎರಡು ಸಲ ಒತ್ತೋದೇ ಇರ್ಲಿ” ಎಂದರು. ಮರಳುವಾಗ ಬಸ್ಸಿನಲ್ಲಿ ನನಗೆ ಹೇಳಿದ್ದು: “ಆ ಹುಡುಗಿ ನನ್ನನ್ನ ಮನುಷ್ಯ ಅಂತ ತಿಳ್ಕೊಂಡಾಳೆ. ಅದಕ್ಕೇ ಬೈದ್ಲು.”

ಸ್ಪರ್ಧೆಯ ಹಿಂದಿನ ದಿನ ನಾಗರತ್ನ ಕಂಪ್ಯೂಟರನ್ನು ಬಸ್ಸಿನಲ್ಲಿ ಶಿಕಾರಿಪುರಕ್ಕೆ ತಂದರು. ಪೆಟ್ಟಿಗೆ ಅವರ ತೊಡೆಯ ಮೇಲೆ, ಮಾನಿಟರ್ ಗೋಣಿಚೀಲದಲ್ಲಿ ಹುಲ್ಲಿನ ನಡುವೆ. ಜೋಡಿಸಿ ಶುರು ಮಾಡಿದ ಕೂಡಲೇ ರೇಡಿಯೋದಲ್ಲಿ ಗುಂಯ್ ಎಂಬ ಸದ್ದು ತುಂಬಿಕೊಂಡಿತು. ಒಂದೊಂದೇ ತಂತಿ ಕಿತ್ತು ನೋಡಿದಾಗ ಸದ್ದು ಮಾಡುತ್ತಿದ್ದದ್ದು ಮಾನಿಟರ್ ಎಂದು ಗೊತ್ತಾಯಿತು.

“ನನಗೆ ಬೇಡಾದ ಸಾಮಾನು ನನ್ನ ಕಿವಿ ತಿಂತೈತೆ. ತಗದು ಹೊರಗಿಡ್ರಿ ಅದನ್ನ.”

“ಸರ್, ಮಾನಿಟರ್ ಇಲ್ದಿದ್ರೆ ಒಳಗೆ ಎಂತ ಆಗ್ತಿದೆ ಅಂತ ನಂಗೂ ಕಾಣೂದಿಲ್ಲ.”

“ಬರ್ರಿ, ನಮ್ಮ ಮಂದೀಗೆ ಸೇರ್ಕೊಳ್ರಿ.”

ಅವರ ಹೆಂಡತಿ ಗಿರಿಜಕ್ಕ ಅಡುಗೆಮನೆಯಿಂದ ನಕ್ಕದ್ದು ಕೇಳಿಸಿತು. ನಾನೇ ಮಾನಿಟರನ್ನು ಎತ್ತಿ ತಂದು ಪಡಸಾಲೆಯ ಮಂಚದ ಮೇಲಿಟ್ಟೆ. ಕಂಪ್ಯೂಟರಿನ ಸದ್ದಿನ ತಂತಿಯನ್ನು ಹೆಡ್‌ಫೋನಿನ ಬಲಗಿವಿಗೆ ಹಾಕಿಕೊಟ್ಟೆವು, ಎಡಗಿವಿಗೆ ರೇಡಿಯೋ. ಒಂದು ಕಿವಿಯಲ್ಲಿ ಮನುಷ್ಯರು, ಇನ್ನೊಂದು ಕಿವಿಯಲ್ಲಿ ಯಂತ್ರ.

ಭಾನುವಾರ ನಾನು ಕಂಡದ್ದನ್ನು ಬರೆಯುತ್ತೇನೆ. ಅವರು ಬೆಳಿಗ್ಗೆ ಕೂತರು. ಕರೆದರು, ಕೇಳಿದರು, ಒತ್ತಿದರು, ಮತ್ತೆ ಕರೆದರು. ಮೈಕು ಹಿಡಿಯುವ ಕೈ ಖಾಲಿ ಇರಲೆಂದು ಮೈಕನ್ನು ಹಳೆಯ ಟೇಬಲ್ ಲ್ಯಾಂಪಿನ ಕತ್ತಿಗೆ ಕಟ್ಟಿಕೊಂಡಿದ್ದರು. ಗಿರಿಜಕ್ಕ ಚಹಾ ತಂದು ಹೊಸ್ತಿಲ ಬಳಿಯ ಸ್ಟೂಲಿನ ಮೇಲಿಟ್ಟರು, ಒಳಗೆ ಹೋಗಲಿಲ್ಲ. ಚಹಾ ಆರಿತು. ನಾಗರತ್ನ ನನ್ನ ಪಕ್ಕ ಎಂದಿನಂತೆ ಕೈ ಸುತ್ತಿಕೊಂಡು ನಿಂತಿದ್ದರು.

ಮಧ್ಯಾಹ್ನ ಕರೆಂಟು ಒಮ್ಮೆ ಮಿನುಗಿತು. ರೇಡಿಯೋ ಬ್ಯಾಟರಿಯ ಮೇಲಿತ್ತು, ಅದು ನಿಲ್ಲಲಿಲ್ಲ. ಕಂಪ್ಯೂಟರ್ ನಿಂತು, ಮತ್ತೆ ತಾನೇ ಶುರುವಾಯಿತು. ಅವರ ಬೆರಳು ಕೀಲಿಮಣೆಯ ಮೇಲೆ ಹಾಗೇ ಉಳಿಯಿತು. ಬಲಗಿವಿ ಸತ್ತಿದೆ ಎಂದು ಮುಖದಲ್ಲೇ ಗೊತ್ತಾಯಿತು. ನಾಗರತ್ನ ಒಂದು ಹೆಜ್ಜೆ ಮುಂದಿಟ್ಟರು. ಆ ಕಾಲು ಹೊಸ್ತಿಲ ಮೇಲೆ ಇತ್ತು, ಕೋಣೆಯೊಳಗೆ ಇರಲಿಲ್ಲ. ನಾನು ಕೆಳಗೆ ನೋಡಿದ್ದೇನೆ. ಸದ್ದು ಕೇಳಿ ಅಣ್ಣಾರು ತಿರುಗದೆ ಎಡಗೈ ಎತ್ತಿದರು.

“ಬರಬ್ಯಾಡ್ರಿ. ನೀವು ಬಂದ್ರೆ ಇದು ನನ್ನದಲ್ಲ.”

ನಾಗರತ್ನ ಕಾಲು ಹಿಂದಕ್ಕೆ ತೆಗೆದುಕೊಂಡರು. ಅಣ್ಣಾರು ತಲೆ ವಾಲಿಸಿ ಡಿಸ್ಕಿನ ಕರಕರ ಸದ್ದು ಆಲಿಸಿದರು. ಅದು ನಿಂತ ಮೇಲೆ ಪ್ರೋಗ್ರಾಮಿನ ಹೆಸರು ಒತ್ತಿದರು. ಮುಖ ಹಾಗೇ ಇತ್ತು. ಮತ್ತೆ ಒತ್ತಿದರು. ಬಲಗಿವಿಗೆ ಏನು ಬಂತೋ ನನಗೆ ಕೇಳಿಸುವಂತಿರಲಿಲ್ಲ. ಅವರ ಭುಜ ಇಳಿದದ್ದು ಕಂಡಿತು. ಕೊನೆಯ ಸಂಖ್ಯೆ ಉಳಿದಿತ್ತು. ಮುಂದಿನ ಕರೆ ಕೊಟ್ಟರು. ನಾಗರತ್ನ ಗೋಡೆಗೆ ಒರಗಿ ಕಣ್ಣೊರೆಸಿಕೊಂಡರು.

ಮಾರನೆಯ ದಿನ ಡಿಸ್ಕಿನ ಪ್ರತಿ ಮತ್ತು ಘೋಷಣೆಯ ಕಾಗದ ಕಳಿಸಬೇಕಿತ್ತು. ‘ಈ ಲಾಗನ್ನು ನಾನೊಬ್ಬನೇ ಮಾಡಿದ್ದೇನೆ’ ಎಂಬುದು ಘೋಷಣೆ. ಅದನ್ನು ನಾನು ಓದಿದೆ, ಅವರು ಸಹಿ ಹಾಕಿದರು. ಸಹಿ ಹಾಕಿ, “ಈಗ ನೀವಿಬ್ರೂ ಕೆಳಗೆ ಹಾಕ್ರಿ” ಎಂದರು. ನಮ್ಮ ಕಡೆ ಕಣ್ಣು ಕಾಣದವರು ಯಾವ ಕಾಗದಕ್ಕೆ ಸಹಿ ಮಾಡಿದರೂ, ಓದಿ ಹೇಳಲಾಗಿದೆ, ತಿಳಿದು ಸಹಿ ಮಾಡಿದ್ದಾರೆ ಎಂದು ಇಬ್ಬರು ಸಾಕ್ಷಿ ಹಾಕುತ್ತಾರೆ. ಹಿಂದೆ ಅವರು ಒಂದು ಸೈಟು ಮಾರಿದಾಗ ದಾಯಾದಿಯೊಬ್ಬರು, ಕುರುಡನಿಗೆ ಏನು ಗೊತ್ತು, ಯಾರೋ ಬರೆಸಿಕೊಂಡಿದ್ದಾರೆ ಎಂದು ತಕರಾರು ತೆಗೆದಿದ್ದರು. ಅಂದಿನಿಂದ ಸಾಕ್ಷಿಯಿಲ್ಲದ ಕಾಗದ ಅವರ ಮನೆಯಿಂದ ಹೊರಡುತ್ತಿರಲಿಲ್ಲ. ಅವರ ಕೆಲಸವನ್ನು ಯಾರೂ ಇನ್ನೊಬ್ಬರದೆನ್ನಬಾರದು ಎಂಬುದಕ್ಕೇ ಆ ಎರಡು ಸಹಿ. ನಾನು ಹಾಕಿದೆ, ನಾಗರತ್ನ ಹಾಕಿದರು.

ಸ್ಪರ್ಧೆಯ ಸಮಿತಿ ಇದ್ದದ್ದು ದೂರದ ನಗರದಲ್ಲಿ. ತಂಡದ ವಿಭಾಗದಲ್ಲಿ ಪ್ರತಿಯೊಬ್ಬ ಸದಸ್ಯನೂ ಘೋಷಣೆಗೆ ಸಹಿ ಹಾಕುವುದು ಅವರ ನಿಯಮ. ಅವರು ಸಹಿ ಎಣಿಸಿದರು. ಮೂರು ಸಹಿ, ಮೂವರ ತಂಡ. ಸಹಿಯ ಮೇಲೆ ‘ಸಾಕ್ಷಿ’ ಎಂದು ಬರೆದದ್ದನ್ನು ಓದಲಿಲ್ಲ, ಅಥವಾ ಓದಿ ಬಿಟ್ಟರು. ಒಂಟಿ ವಿಭಾಗದಿಂದ ತೆಗೆದಿದ್ದೇವೆ ಎಂದು ಪತ್ರ ಬಂತು.

ಅಲ್ಲಿಯವರೆಗೆ ಅದು ತಪ್ಪು ತಿಳಿವಳಿಕೆ. ನಾನೂ ಹಾಗೇ ಅಂದುಕೊಂಡೆ. ಸಹಿಗಳು ಏಕಿವೆ ಎಂದು ವಿವರಿಸಿ ಬರೆದೆ. ಅದಕ್ಕೆ ಬಂದ ಉತ್ತರವನ್ನು ನಾನು ಕ್ಷಮಿಸಿಲ್ಲ. ದೃಷ್ಟಿಯಿಲ್ಲದವರು ಇಷ್ಟು ವೇಗದಲ್ಲಿ ಕಂಪ್ಯೂಟರಿನಲ್ಲಿ ಲಾಗ್ ಮಾಡುವುದು ಸಾಧ್ಯವಿಲ್ಲ, ಪರದೆಯನ್ನು ಯಾರಾದರೂ ಓದಿ ಹೇಳಿರಲೇಬೇಕು, ಯಾರು ಓದಿದರು ತಿಳಿಸಿ ಎಂದು ಕೇಳಿದ್ದರು. ಮಾನಿಟರ್ ಪಡಸಾಲೆಯಲ್ಲಿತ್ತು ಎಂದು ಬರೆದೆ. ಮಾನಿಟರ್ ಇಲ್ಲದೆ ಕಂಪ್ಯೂಟರ್ ನಡೆಯುವುದಿಲ್ಲ ಎಂದು ಬರೆದರು. ಜೊತೆಗೆ, ಅವರ ಉತ್ಸಾಹವನ್ನು ಮೆಚ್ಚಿ ವಿಶೇಷ ಫಲಕವೊಂದನ್ನು ಕೊಡಲು ಸಮಿತಿ ಸಂತೋಷದಿಂದ ತೀರ್ಮಾನಿಸಿದೆ ಎಂದೂ ಬರೆದಿದ್ದರು.

ಸಂತೋಷದಿಂದ. ನಾನು ಆ ಪತ್ರವನ್ನು ಅವರಿಗೆ ಓದಿ ಹೇಳಬೇಕಾಯಿತು. ಅವರು ಅದೊಂದು ಪದವನ್ನು ಮತ್ತೆ ಓದಿಸಿದರು.

ಫಲಿತಾಂಶದ ಪುಸ್ತಿಕೆ ಬಂದಾಗ ಅವರ ಕರೆಗುರುತು ಒಂಟಿಯಲ್ಲೂ ಇರಲಿಲ್ಲ, ತಂಡದಲ್ಲೂ ಇರಲಿಲ್ಲ. ಕೊನೆಯ ಪುಟದಲ್ಲಿ, ತಾಳೆ ನೋಡಲು ಬಳಸಿದ ಲಾಗ್ ಎಂಬ ತಲೆಬರಹದ ಕೆಳಗಿತ್ತು. ಎಂದರೆ ಆ ಲಾಗಿಗೆ ಅಂಕವಿಲ್ಲ. ಬೇರೆಯವರು ಸರಿಯಾಗಿ ಬರೆದಿದ್ದಾರೋ ಇಲ್ಲವೋ ಎಂದು ನೋಡಲು ಮಾತ್ರ ಅದು.

ಆಮೇಲೆ ಸಮಿತಿಯ ಕಾರ್ಯದರ್ಶಿ ಕಾರಿನಲ್ಲಿ ಶಿಕಾರಿಪುರಕ್ಕೆ ಬಂದರು. ಕೈಯಲ್ಲಿ ಫಲಕ, ಶಾಲು, ಹಾರ, ಹೆಗಲಲ್ಲಿ ಕ್ಯಾಮೆರಾ. ನಾನೂ ನಾಗರತ್ನ ಅವರೂ ಇದ್ದೆವು; ಮಾಡಿ ತೋರಿಸಲೆಂದು ಕಂಪ್ಯೂಟರನ್ನು ಮತ್ತೆ ಬಸ್ಸಿನಲ್ಲಿ ತಂದಿದ್ದೆವು. ಕಾರ್ಯದರ್ಶಿಗಳು ಒಳಗೆ ಬಂದವರೇ, ನಾವು ನೋಡುತ್ತಿರುವಾಗಲೇ, ಅಣ್ಣಾರ ಕಣ್ಣ ಮುಂದೆ ಕೈ ಆಡಿಸಿದರು. ನಾನು ಅದನ್ನು ಕಂಡೆ. ಗಾಳಿ ತಾಗಿತೇನೋ, ಅವರು ಹೇಳಿದರು:

“ನೊಣ ಐತೇನ್ರೀ?”

ಕಾರ್ಯದರ್ಶಿಗಳು ಕೈ ಇಳಿಸಿದರು. “ನಿಮ್ಮಂಥವರು ಭಾಗವಹಿಸೋದೇ ನಮಗೆ ದೊಡ್ಡ ಹೆಮ್ಮೆ ಸಾರ್” ಎಂದರು.

“ನನ್ನಂಥವ್ರು ಎಷ್ಟು ಮಂದಿ ಅದಾರ್ರೀ ನಿಮ್ಮ ಪಟ್ಟಿನಾಗೆ?”

 ಅಣ್ಣಾರು ಕುರ್ಚಿಗೆ ಹೋಗಿ ಕೂತು, ಎಲ್ಲರಿಗೂ ಕೇಳುವ ಹಾಗೆ ರೇಡಿಯೋ ಹಾಕಿದರು. ಕಾರ್ಯದರ್ಶಿಗಳು ಕೋಣೆಯಲ್ಲಿ ಅವರ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂತರು. ಮಾನಿಟರಿನ ತಂತಿಯನ್ನು ಸ್ವತಃ ಕಿತ್ತು ಕೈಯಲ್ಲಿ ಹಿಡಿದುಕೊಂಡರು. ಅಣ್ಣಾರು ಸಿಕ್ಕವರನ್ನೆಲ್ಲ ಕರೆದು ಮಾತಾಡಿ ದಾಖಲಿಸಿದರು. ಕಾರ್ಯದರ್ಶಿಗಳು ತಾವೂ ಒಂದು ಹಾಳೆಯಲ್ಲಿ ಬರೆದುಕೊಂಡರು. ಮುಗಿದ ಮೇಲೆ ಮಾನಿಟರ್ ಹಚ್ಚಿ, ಹಾಳೆ ಹಿಡಿದು, ಸಾಲು ಸಾಲಾಗಿ ಬೆರಳಿಟ್ಟು ನೋಡಿದರು. ಎಲ್ಲ ಸರಿಯಿತ್ತು.

“ಅದ್ಭುತ ಸಾರ್, ಅದ್ಭುತ.”

“ಅದ್ಭುತ ಬ್ಯಾಡ್ರೀ. ಒಂಟಿ ಪಟ್ಟಿನಾಗೆ ಹಾಕ್ರಿ.”

“ಫಲಿತಾಂಶ ಅಚ್ಚಾಗಿಬಿಟ್ಟಿದೆಯಲ್ಲ ಸಾರ್. ತಿದ್ದುಪಡಿ ಹಾಕಿದ್ರೆ ಬೇರೆಯವರು ಪ್ರಶ್ನೆ ಎತ್ತುತ್ತಾರೆ. ಮುಂದಿನ ವರ್ಷ ವಿಕಲಚೇತನರಿಗೆ ಬೇರೆ ವಿಭಾಗವನ್ನೇ ಮಾಡ್ತೀವಿ.”

“ನನ್ನ ಲಾಗ್ ಇಟ್ಕೊಂಡು ಬೇರೆಯವ್ರ ತಪ್ಪು ಹಿಡಿದೀರಿ. ಹೌದಲ್ರೀ?”

“ಹೌದು ಸಾರ್. ಬಹಳ ಶುದ್ಧವಾದ ಲಾಗ್ ಅದು.”

“ಅಂದ್ರೆ ಕಣ್ಣಿದ್ದೋರ ಅಂಕ ಕಡಿಯಾಕೆ ಆಗ್ತದೆ. ನನಗೆ ಅಂಕ ಕೊಡಾಕೆ ಆಗಂಗಿಲ್ಲ.”

ಕಾರ್ಯದರ್ಶಿಗಳು ಕೆಮ್ಮಿದರು. ಶಾಲಿನ ಮಡಿಕೆ ಬಿಚ್ಚಿದರು. ಆಗ ಗಿರಿಜಕ್ಕ ಅಡುಗೆಮನೆಯ ಬಾಗಿಲಿಗೆ ಬಂದು, ಎಂದಿಲ್ಲದ ದನಿಯಲ್ಲಿ ಹೇಳಿದರು: “ಊಟಕ್ಕೆ ಏಳ್ರಿ, ಬಡಿಸೀನಿ. ಅದನ್ನೆಲ್ಲ ಕಾರಿನಾಗೆ ಇಟ್ಟು ಕೈ ತೊಳಕೊಂಡು ಬರ್ರಿ.” ಅವರು ಶಾಲು, ಹಾರ, ಫಲಕ ಮೂರನ್ನೂ ಕಾರಿಗೆ ಒಯ್ದಿಟ್ಟು ಬಂದು ಊಟ ಮಾಡಿದರು. ರೊಟ್ಟಿ ಚೆನ್ನಾಗಿದೆ ಎಂದರು. ಹೊರಟು ಹೋದರು. ತಿದ್ದುಪಡಿ ಬರಲಿಲ್ಲ. ಬೇರೆ ವಿಭಾಗವೂ ಬರಲಿಲ್ಲ. ಅದು ಬಾರದ್ದೇ ಒಳ್ಳೆಯದಾಯಿತು.

ಆಮೇಲೆ ಅವರು ಆ ಸಮಿತಿಗೆ ಲಾಗ್ ಕಳಿಸಲಿಲ್ಲ. ಸ್ಪರ್ಧೆಯ ದಿನ ಮಾತ್ರ ತಪ್ಪದೆ ಕೂರುತ್ತಿದ್ದರು. ಕರೆದವರಿಗೆಲ್ಲ ಸಂಖ್ಯೆ ಕೊಡುತ್ತಿದ್ದರು, ಅವರ ಅಂಕ ಬೆಳೆಯುತ್ತಿತ್ತು. “ಯಾಕೆ ಅಣ್ಣಾರೆ?” ಎಂದು ಕೇಳಿದ್ದೆ. “ಅವ್ರು ನನ್ನ ಕರೀತಾರೆ, ತಮ್ಮಾ. ಸಮಿತಿ ಕರೆಯಂಗಿಲ್ಲ. ಕರೆದವ್ರಿಗೆ ಓ ಅನ್ಬೇಕು” ಎಂದರು. ಆ ಮಾತು ಹೇಳುವಾಗ ಅವರ ಮುಖದಲ್ಲಿ ಸಮಾಧಾನವಿತ್ತೆಂದು ಬರೆದರೆ ಸುಳ್ಳಾಗುತ್ತದೆ. ದವಡೆ ಬಿಗಿದಿತ್ತು. ಕೊನೆಯವರೆಗೂ ಆ ಮಾತೆತ್ತಿದರೆ ದವಡೆ ಬಿಗಿಯುತ್ತಿತ್ತು.

ಫಿರ್ಯಾದುಗಳನ್ನು ಮಾತ್ರ ನಿಲ್ಲಿಸಲಿಲ್ಲ. ಸೊರಬಕ್ಕೆ ಹೋಗುವುದು ಕಷ್ಟವಾದ ಮೇಲೆ ಫೋನಿನಲ್ಲಿ ಹೇಳುತ್ತಿದ್ದರು. ಪ್ರೋಗ್ರಾಂ ಕೈಯಿಂದ ಕೈಗೆ ಬೇರೆ ಊರುಗಳಿಗೂ ಹೋಯಿತು. ನಗರದ ಕೆಲವರು, ಈ ಕೀಂ ಕೀಂ ಗಲಾಟೆ ತೆಗೆಯಿರಿ ಎಂದು ನಾಗರತ್ನ ಅವರಿಗೆ ಬರೆದರು. ಅವರು ಸದ್ದು ನಿಲ್ಲಿಸುವ ಒಂದು ಗುಂಡಿ ಮಾಡಿಕೊಟ್ಟರು. ಆದರೆ ಪ್ರೋಗ್ರಾಂ ತೆರೆದಾಗಲೆಲ್ಲ ಅದು ಸದ್ದಿನೊಂದಿಗೇ ತೆರೆಯುತ್ತಿತ್ತು. ಯಾಕೆ ಎಂದು ಕೇಳಿದವರಿಗೆ, “ಬೇಡಾದೋರು ಒಂದು ಗುಂಡಿ ಒತ್ತಿ. ಬೇಕಾದೋರಿಗೆ ಆ ಗುಂಡಿ ಕಾಣೂದಿಲ್ಲ” ಎನ್ನುತ್ತಿದ್ದರು.

ಅಣ್ಣಾರ ಅಂತ್ಯಕ್ರಿಯೆಗೆ ಆ ಸಮಿತಿಯಿಂದ ಯಾರೂ ಬರಲಿಲ್ಲ. ಬರಬೇಕೆಂದು ನಾನು ಬಯಸಲೂ ಇಲ್ಲ. ಶ್ರದ್ಧಾಂಜಲಿಯನ್ನು ಓದಿ ಹೇಳೆಂದು ಗಿರಿಜಕ್ಕ ಕೇಳಿದರು. ನಾನು ಆ ವಾಕ್ಯವನ್ನು ನುಂಗಿ ಮುಂದಿನದಕ್ಕೆ ಹೋದೆ. “ನಡುವೆ ಏನೋ ಬಿಟ್ರಿ” ಎಂದರು. ಓದಿದೆ. ಅವರು ಅಳಲಿಲ್ಲ. “ಚಹಾನೂ ಒಳಗೆ ಒಯ್ದಿರ್ಲಿಲ್ಲ ನಾನು” ಎಂದರು.

ಆದ್ದರಿಂದ ಬರೆದಿದ್ದೇನೆ. ಸ್ಪರ್ಧೆಯ ದಿನ ಅವರೊಬ್ಬರೇ ಆ ಕೋಣೆಯಲ್ಲಿದ್ದದ್ದನ್ನು ನನ್ನ ಜೊತೆ ಕಂಡ ಇಬ್ಬರೂ ಬದುಕಿದ್ದಾರೆ. ಒಬ್ಬರು ಅವರ ಹೆಂಡತಿ ಗಿರಿಜಮ್ಮ, ಶಿಕಾರಿಪುರದ ಅದೇ ಮನೆಯಲ್ಲಿದ್ದಾರೆ. ಇನ್ನೊಬ್ಬರು ನಾಗರತ್ನ, ಸೊರಬದಲ್ಲಿದ್ದಾರೆ, ತರಗತಿ ಮುಚ್ಚಿದ್ದಾರೆ. ಮಾನಿಟರ್ ಇಲ್ಲದೆ ಅವರು ಲಾಗ್ ಮಾಡಿದ್ದನ್ನು ಎರಡು ಮಾರು ದೂರದಿಂದ, ಕಿತ್ತ ತಂತಿಯನ್ನು ತಮ್ಮ ಕೈಯಲ್ಲೇ ಹಿಡಿದುಕೊಂಡು ಕಂಡ ಮೂರನೆಯವರೂ ಬದುಕಿದ್ದಾರೆ, ಆರೋಗ್ಯವಾಗಿದ್ದಾರೆ. ಅವರ ಹೆಸರು ಪ್ರಭಾಕರ. ಆಗ ಸಮಿತಿಯ ಕಾರ್ಯದರ್ಶಿ, ಈಗ ಅಧ್ಯಕ್ಷ. ಶ್ರದ್ಧಾಂಜಲಿಯ ಕೆಳಗಿರುವುದು ಅವರ ಸಹಿ.